ಬೆನ್ನು ಒದ್ದೆಯಾಗಬಾರದು

ಶುಕ್ರವಾರ ಸಂಜೆ ಅಂಗಡಿಯಿಂದ ಕರಿದ ಮೀನು ಬಂತು, ಕರಿದ ಆಲೂಗಡ್ಡೆ ಬಂತು, ಮೇಲೆ ಚಿಮುಕಿಸಿಕೊಳ್ಳಲು ಮನೆಯಲ್ಲಿ ವಿನೆಗರ್ ಮಾತ್ರ ಇರಲಿಲ್ಲ. ನೈಜಲ್ ಬಾಟ್ಲಿಯನ್ನು ತಟ್ಟೆಯ ಮೇಲೆ ತಲೆಕೆಳಗು ಮಾಡಿ ಎರಡು ಸಲ ಒದರಿದ. ಒಂದು ತೊಟ್ಟೂ ಬೀಳಲಿಲ್ಲ.

"ಹೋದ ಶನಿವಾರ ತಾನೇ ತಂದಿದ್ದೆ," ಎಂದಳು ಗಿಲ್.

"ಹಾಗಾದ್ರೆ ಯಾರೋ ಕುಡೀತಿದಾರೆ."

"ನನ್ನ ಯಾಕಪ್ಪಾ ನೋಡ್ತೀಯ," ಎಂದಳು ಹದಿನೇಳರ ಮಗಳು ಟೆಸ್ಸಾ, ಫೋನಿನಿಂದ ಕಣ್ಣು ಎತ್ತದೆ.

ಮೇಜಿನ ತುದಿಯಲ್ಲಿ ನೈಜಲ್‌ನ ತಾಯಿ ಮ್ಯೂರಿಯಲ್ ಮೀನಿನ ಮೇಲಿನ ಗರಿಗರಿ ಹಿಟ್ಟನ್ನು ಫೋರ್ಕಿನಿಂದ ನಿಧಾನವಾಗಿ ಬಿಡಿಸುತ್ತಿದ್ದರು. "ಅದರಲ್ಲಿ ಕಿಟಕಿ ಒರೆಸಿದೆ," ಎಂದರು.

"ಎಂಬತ್ನಾಲ್ಕು ವರ್ಷಕ್ಕೆ, ಕೋಲು ಹಿಡ್ಕೊಂಡು?"

"ಕೈ ಎಟುಕಿದಷ್ಟು."

ನೈಜಲ್ ನಕ್ಕು ಮೀನಿಗೆ ಉಪ್ಪು ಹಾಕಿಕೊಂಡ. ಗಿಲ್ ನಗಲಿಲ್ಲ. ಮುಂದಿನ ಕೋಣೆಯ ಕಿಟಕಿಯ ಕೆಳಗಿನ ಗಾಜಿನ ಮೇಲೆ ಬೆಕ್ಕಿನ ಪಂಜದ ಗುರುತು ಇದ್ದದ್ದನ್ನು ಅವಳು ಬೆಳಿಗ್ಗೆಯೇ ನೋಡಿದ್ದಳು. ಈಗ ತಟ್ಟೆ ತೆಗೆದಿಡುವ ನೆಪದಲ್ಲಿ ಹೋಗಿ ನೋಡಿದರೆ ಅದು ಅಲ್ಲೇ ಇತ್ತು. ಹಿಂದಿನ ಭಾನುವಾರ ಶುಂಠಿ ಕೇಕು ಮಾಡಲು ಹೋದಾಗ ಅಡುಗೆ ಸೋಡಾದ ಡಬ್ಬಿಯೂ ತಳ ಕಂಡಿತ್ತು.

ಮ್ಯೂರಿಯಲ್ ಈ ಮನೆಗೆ ಬಂದು ನಾಲ್ಕು ತಿಂಗಳಾಗಿತ್ತು. ಅಕ್ಟೋಬರಿನಲ್ಲಿ ಅವರು ತಮ್ಮ ಫ್ಲ್ಯಾಟಿನ ಹೊಸ್ತಿಲಲ್ಲಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಆಸ್ಪತ್ರೆಯಿಂದ ಬರುವಾಗ ಒಂದೇ ಒಂದು ಷರತ್ತು ಹಾಕಿದ್ದರು: ತಾವು ಬರುವುದಾದರೆ ವಿಲ್ಫ್‌ನ ಕಾರ್ಪೆಟ್ಟೂ ಬರಬೇಕು. ತೀರಿಹೋದ ಗಂಡ ವಿಲ್ಫ್ ನೇಯ್ದದ್ದು ಅದು. ಕಿಡ್ಡರ್‌ಮಿನ್‌ಸ್ಟರ್‌ನ ಅರ್ಧ ಊರು ಕಾರ್ಪೆಟ್ ಗಿರಣಿಗಳಲ್ಲಿ ದುಡಿಯುತ್ತಿದ್ದ ಕಾಲದಲ್ಲಿ ಅವನು ಮಗ್ಗ ನಡೆಸುತ್ತಿದ್ದ. ಮ್ಯೂರಿಯಲ್ ಅದೇ ಗಿರಣಿಯಲ್ಲಿ ನಲವತ್ತೊಂದು ವರ್ಷ ಸೂಜಿ ಹಿಡಿದು, ಮಗ್ಗದಲ್ಲಿ ಬಿಟ್ಟುಹೋದ ಎಳೆಗಳನ್ನು ಒಂದೊಂದಾಗಿ ತುಂಬಿದವರು. ಮನೆಗೆ ಬಂದದ್ದು ಗಿರಣಿಯವರು ಕೆಲಸಗಾರರಿಗೆ ಅಗ್ಗಕ್ಕೆ ಬಿಟ್ಟುಕೊಡುತ್ತಿದ್ದ ತುಂಡುಗಳು. ಮೂರು ತುಂಡುಗಳನ್ನು ಮ್ಯೂರಿಯಲ್ ಕೈಯಲ್ಲಿ ಜೋಡಿಸಿದ್ದರು. ಕಡುಗೆಂಪು ಹಿನ್ನೆಲೆ, ಅದರ ಮೇಲೆ ಕೆನೆಬಣ್ಣದ ಎಲೆಗಳು. ಜೋಡಣೆ ಎಲ್ಲಿದೆ ಎಂದು ಇಪ್ಪತ್ತಾರು ವರ್ಷದಲ್ಲಿ ಗಿಲ್‌ಗೆ ಒಮ್ಮೆಯೂ ಕಂಡಿರಲಿಲ್ಲ. ಇಂಥ ಮನೆತನದವರು ಕಂದು ವಿನೆಗರ್ ಸಹ ಕೊಳ್ಳುವುದಿಲ್ಲ. ಚೆಲ್ಲಿದರೆ ಕಲೆಯಾಗುತ್ತದೆಂದು ಊಟಕ್ಕೂ ನೀರಿನಂತಿರುವ ಬಿಳಿಯದೇ.

ಕಾರ್ಪೆಟ್ಟನ್ನು ಮುಂದಿನ ಕೋಣೆಯಲ್ಲಿ ಹಾಸಿದರು, ಅದರ ಮೇಲೆ ಮ್ಯೂರಿಯಲ್‌ರ ಮಂಚ. ಅವರ ಕಾಲಿಗೆ ಮೆಟ್ಟಿಲು ಆಗುತ್ತಿರಲಿಲ್ಲ. ಆದರೆ ಮನೆಯೊಳಗಿನ ಒಂದೇ ಕಕ್ಕಸು ಮೇಲಿನ ಬಚ್ಚಲಲ್ಲಿತ್ತು, ಹದಿಮೂರು ಮೆಟ್ಟಿಲ ಮೇಲೆ. ನರ್ಸು ಮಂಚದ ಪಕ್ಕ ಇಡಲು ಅಡಿಯಲ್ಲಿ ಪಾತ್ರೆ ಇರುವ ಕಕ್ಕಸಿನ ಕುರ್ಚಿಯೊಂದನ್ನು ತಂದರೆ ಮ್ಯೂರಿಯಲ್ ಅದನ್ನು ಅದೇ ವ್ಯಾನಿನಲ್ಲಿ ವಾಪಸ್ಸು ಕಳಿಸಿದರು. ಉಣ್ಣುವುದೂ ಅದೂ ಒಂದೇ ಕೋಣೆಯಲ್ಲಿ ಆಗಲಾರದು ಎಂದರು. ಹಗಲು ಹೊತ್ತು ಯಾರಾದರೂ ತೋಳು ಹಿಡಿದು ಹತ್ತಿಸುತ್ತಿದ್ದರು. ಬೆಳಗಿನ ಜಾವ ಅವರೊಬ್ಬರೇ.

ಕ್ರಿಸ್‌ಮಸ್ ಊಟದ ಮೇಜಿನಲ್ಲಿ ನೈಜಲ್‌ನ ಅಕ್ಕ ಪೌಲಿನ್ ಒಂದು ಬಣ್ಣದ ಪುಸ್ತಿಕೆ ತಂದಿದ್ದಳು. ಬ್ಯೂಡ್ಲಿಯ ಗುಡ್ಡದ ಮೇಲಿನ ವೃದ್ಧರ ಮನೆ, ನದಿ ಕಾಣುವ ಕಿಟಕಿ, ಎಲ್ಲ ಕೋಣೆಗೂ ಅದರದೇ ಬಚ್ಚಲು. ಅಮ್ಮ ಇಲ್ಲೇ ಚೆನ್ನಾಗಿದ್ದಾಳೆ ಎಂದ ನೈಜಲ್. ಎಲ್ಲಿಯವರೆಗೆ ಎಂದು ಪೌಲಿನ್ ಕೇಳಿದಳು. ಎರಡು ಗ್ಲಾಸು ಶೆರಿ ಕುಡಿದಿದ್ದ ನೈಜಲ್ ನಗುತ್ತಲೇ ಹೇಳಿದ್ದ: "ಅವಳ ಹಿಂದೆ ನಾನು ಮಂಡಿಯೂರಿ ನೆಲ ಒರೆಸೋ ದಿನ ಬರ್ಲಿ, ಆವತ್ತು ಯೋಚಿಸೋಣ." ಎಲ್ಲರೂ ನಕ್ಕರು. ಮ್ಯೂರಿಯಲ್ ಸಹ. ಆದರೂ ಪೌಲಿನ್ ಹೆಸರು ಬರೆಸಿಟ್ಟಳು. ಮಾರ್ಚಿನಲ್ಲಿ ಒಂದು ಕೋಣೆ ಖಾಲಿಯಾಗಲಿದೆ, ಆ ತಿಂಗಳಲ್ಲೇ ಬರುವ ತಾಯಂದಿರ ಭಾನುವಾರ ಕಳೆದ ಮೇಲಿನ ಮಂಗಳವಾರದೊಳಗೆ ಉತ್ತರ ಹೇಳಬೇಕು ಎಂದು ಫೆಬ್ರವರಿಯಲ್ಲಿ ಫೋನ್ ಬಂತು.

ವಿನೆಗರ್ ಇಲ್ಲದ ಆ ಶುಕ್ರವಾರ ಕಳೆದು ನಾಲ್ಕು ದಿನಕ್ಕೆ, ಮಂಗಳವಾರ ಬೆಳಿಗ್ಗೆ ಐದೂವರೆಗೆ ಗಿಲ್‌ಗೆ ಎಚ್ಚರವಾಯಿತು. ನೈಜಲ್ ಬಸ್ಸು ಓಡಿಸುವವನು. ಕೆಲವು ವಾರ ಬೆಳಗಿನ ಪಾಳಿ, ಕೆಲವು ವಾರ ಸಂಜೆಯದು. ಅಂದು ಬೆಳಗಿನ ಪಾಳಿಗೆ ಆಗಲೇ ಹೋಗಿದ್ದ. ಗಿಲ್ ನೀರು ಕುಡಿಯಲು ಇಳಿದಾಗ ಮುಂದಿನ ಕೋಣೆಯ ಬಾಗಿಲ ಕೆಳಗೆ ಬೆಳಕಿತ್ತು. ತಳ್ಳಿದಳು.

ಮ್ಯೂರಿಯಲ್ ಮಂಚದ ಕಾಲಿನ ಬಳಿ ನೆಲದ ಮೇಲಿದ್ದರು. ಒಂದು ಮಂಡಿ ಊರಿ, ನೋವಿನ ಕಾಲನ್ನು ಪಕ್ಕಕ್ಕೆ ಚಾಚಿಕೊಂಡು, ಮಡಿಸಿದ ಬಿಳಿ ದಿಂಬಿನ ಚೀಲದಿಂದ ಕಾರ್ಪೆಟ್ಟನ್ನು ಒತ್ತುತ್ತಿದ್ದರು. ಪಕ್ಕದಲ್ಲಿ ಗಿಡಕ್ಕೆ ನೀರು ಚಿಮುಕಿಸುವ ಬಾಟ್ಲಿ, ಒಂದು ಬಟ್ಟಲಲ್ಲಿ ಅಡುಗೆ ಸೋಡಾ. ಕೋಣೆ ತುಂಬ ಹುಳಿ ವಾಸನೆ, ಅದರಡಿಯಲ್ಲಿ ಇನ್ನೊಂದು ವಾಸನೆ.

ಮ್ಯೂರಿಯಲ್ ದಿಂಬಿನ ಚೀಲವನ್ನು ಒದ್ದೆಯ ಮೇಲೆ ಮುಚ್ಚಿದರು.

"ಟೀ ಚೆಲ್ತು," ಎಂದರು ಮ್ಯೂರಿಯಲ್.

ಕೋಣೆಯಲ್ಲಿ ಎಲ್ಲೂ ಟೀ ಕಪ್ಪಿರಲಿಲ್ಲ. ಗಿಲ್ ಬಾಗಿಲು ಮುಚ್ಚಿ ಅವರ ಪಕ್ಕ ಕೂತಳು. "ಕೊಡಿ ಅಮ್ಮ, ನಾನು ಉಜ್ತೀನಿ."

"ಉಜ್ಜಬಾರದು. ಅದೇನು ನೀನು ಅಡುಗೆ ಮಾಡೋ ಇಸ್ಕೂಲಿನ ಬಾಣಲೆಯೇ? ಒತ್ತಬೇಕು. ಒತ್ತಿ ಎತ್ತು, ಒತ್ತಿ ಎತ್ತು."

ಗಿಲ್ ಒತ್ತಿ ಎತ್ತಿದಳು. ಮ್ಯೂರಿಯಲ್ ಸರಿಯಾಗಿ ಉಸಿರಾಡಲು ಶುರುಮಾಡಿದರು. ಮೂರು ಪಾಲು ನೀರಿಗೆ ಒಂದು ಪಾಲು ವಿನೆಗರ್, ಪಾತ್ರೆ ತೊಳೆಯುವ ಸೋಪು ಒಂದೇ ತೊಟ್ಟು, ಎರಡಾದರೆ ಜಿಗುಟಾಗಿ ಕೊಳೆ ಹಿಡಿಯುತ್ತದೆ. ಮೇಲಿನ ಉಣ್ಣೆ ಮಂಜು ಬಿದ್ದಷ್ಟು ನೆನೆದರೆ ಸಾಕು. ಬಿಳಿ ಬಟ್ಟೆಯೇ ಆಗಬೇಕು, ಬಣ್ಣದ್ದಾದರೆ ಅದರ ಬಣ್ಣ ಇದಕ್ಕಿಳಿಯುತ್ತದೆ. ಪೂರ್ತಿ ಒಣಗಿದ ಮೇಲೆ ಸೋಡಾ ಉದುರಿಸಿ ಸಂಜೆಯವರೆಗೆ ಬಿಟ್ಟು ಧೂಳು ಹೀರುವ ಯಂತ್ರದಿಂದ ಎಳೆದರೆ ವಾಸನೆ ಹೋಗುತ್ತದೆ. ಇದನ್ನೆಲ್ಲ ಮಗುವಿಗೆ ಪಾಠ ಹೇಳುವಂತೆ ಹೇಳಿ ಕೊನೆಗೆ ಬೆರಳೆತ್ತಿದರು.

"ಒಂದು ಮಾತ್ರ ನೆನಪಿಟ್ಕೊ. ಬೆನ್ನು ಒದ್ದೆಯಾಗಬಾರದು. ಇದರ ಬೆನ್ನು, ಈ ಅಡಿಭಾಗ, ಸೆಣಬು; ನೆಂದರೆ ಅದರ ಕಂದು ಮೇಲಕ್ಕೇರತ್ತೆ. ಕಲ್ಲು ಹಾಸಿನ ಮನೆಯವಳು, ನಿನಗೆ ಗೊತ್ತಿರಲ್ಲ."

ಗಿಲ್ ಲೆಮ್‌ಸ್ಟರ್ ಕಡೆಯ ಹೊಲದ ಮನೆಯವಳು. ಅಲ್ಲಿ ನೆಲಕ್ಕೆ ಬಕೆಟ್ಟಿನಿಂದ ನೀರು ಹೊಯ್ದು ಬಾಗಿಲ ಕಡೆಗೆ ಪೊರಕೆಯಿಂದ ತಳ್ಳುವುದೇ ಒರೆಸುವುದು. ಈ ಚುಚ್ಚುಮಾತು ಮದುವೆಯಾದಂದಿನಿಂದ ಕೇಳಿದ್ದೇ. ಅವಳು ಅತ್ತೆಯ ಕಂಕುಳಿಗೆ ಕೈಕೊಟ್ಟು ಎಬ್ಬಿಸಿ ಮಂಚದ ಮೇಲೆ ಕೂರಿಸಿದಳು. ರಾತ್ರಿ ಅಂಗಿಯ ಅಂಚು ಒದ್ದೆಯಾಗಿತ್ತು. ಒಣಗಿದ್ದೊಂದನ್ನು ತಂದು ಕೊಟ್ಟು, ಒದ್ದೆಯದನ್ನು ತನ್ನ ಬಟ್ಟೆಗಳ ಜೊತೆ ಯಂತ್ರಕ್ಕೆ ಹಾಕಿದಳು.

"ನೈಜಲ್‌ಗೆ ಟೀ ವಿಷಯ ಹೇಳ್ಬೇಡ," ಎಂದರು ಮ್ಯೂರಿಯಲ್ ಬೆನ್ನ ಹಿಂದಿನಿಂದ.

"ಟೀ ತಾನೇ ಅಮ್ಮ. ಅದರಲ್ಲಿ ಹೇಳೋದೇನಿದೆ."

ಮುಂದಿನ ಮೂರು ವಾರದಲ್ಲಿ ಟೀ ಇನ್ನೆರಡು ಸಲ ಚೆಲ್ಲಿತು. ಗಿಲ್ ಈಗ ಅಂಗಡಿಯಿಂದ ಎರಡು ಬಾಟ್ಲಿ ವಿನೆಗರ್ ತರುತ್ತಿದ್ದಳು. ಒಂದು ಊಟದ ಕಪಾಟಿಗೆ, ಒಂದು ತನ್ನ ಮಳೆಬೂಟಿನ ಹಿಂದೆ. ಶಾಲೆಯ ಅಡುಗೆಮನೆಯಲ್ಲಿ ಇನ್ನೂರ ನಲವತ್ತು ಮಕ್ಕಳಿಗೆ ಆಲೂಗಡ್ಡೆ ಹಿಸುಕುವಾಗಲೂ ಅವಳ ಕಿವಿ ಮನೆಯಲ್ಲೇ ಇರುತ್ತಿತ್ತು. ಒಮ್ಮೆ ಕಸ್ಟರ್ಡಿಗೆ ಸಕ್ಕರೆ ಎರಡು ಸಲ ಬಿತ್ತು. ಬೆಳಿಗ್ಗೆ ನಾಲ್ಕಕ್ಕೆ ಎಚ್ಚರ, ಐದಕ್ಕೆ ಎಚ್ಚರ. ಕೆಳಗೆ ಮಂಚ ಕಿರುಗುಟ್ಟಿದರೆ ಎದ್ದು ಕೂರುವಳು, ಕಿರುಗುಟ್ಟದಿದ್ದರೆ ಯಾಕೆ ಕಿರುಗುಟ್ಟಲಿಲ್ಲ ಎಂದು ಕೂರುವಳು. ಬಟ್ಟೆ ಮಡಿಸುತ್ತ ಒಂದು ಮಧ್ಯಾಹ್ನ ಪೌಲಿನ್ ಬಿಟ್ಟುಹೋದ ಪುಸ್ತಿಕೆ ತೆರೆದು ನೋಡಿದಳು. ಚೆನ್ನಾಗಿಯೇ ಇತ್ತು. ಮುಂದಿನ ಕೋಣೆ ಮತ್ತೆ ಸೋಫಾ ಹಾಕಿಕೊಂಡು ಕೂರುವ ಕೋಣೆಯಾಗುವುದನ್ನೂ ಅವಳು ಕಣ್ಣಮುಂದೆ ತಂದುಕೊಂಡಳು, ಆಮೇಲೆ ಪುಸ್ತಿಕೆಯನ್ನು ಟವೆಲುಗಳ ಕೆಳಗೆ ತುರುಕಿದಳು.

ಮನೆಯ ಹಿಂದಿನ ಅಂಗಳದಲ್ಲಿ, ಅಡುಗೆಮನೆ ಬಾಗಿಲಿನಿಂದ ನಾಲ್ಕು ಹೆಜ್ಜೆಗೆ, ಹಳೆಯ ಕಾಲದ ಕಕ್ಕಸು ಒಂದಿತ್ತು. ನೀರಿನ ಕೊಳಾಯಿ ಈಗಲೂ ಇತ್ತು, ಸರಪಳಿ ಎಳೆದರೆ ನೀರೂ ಬರುತ್ತಿತ್ತು. ಆದರೆ ಒಳಗೆ ನೆಲದಿಂದ ಸೂರಿನವರೆಗೆ ನೈಜಲ್‌ನ ಮೀನು ಹಿಡಿಯುವ ಸಾಮಾನು. ಅದನ್ನು ತೆಗೆಸಬೇಕೆಂದು ಗಿಲ್ ನವೆಂಬರಿನಿಂದ ಹೇಳುತ್ತಿದ್ದಳು.

"ಮಾರ್ಚ್ ಹದಿನಾಲ್ಕನೇ ತಾರೀಖಿಗೆ ನದೀಲಿ ಮೀನು ಹಿಡಿಯೋದು ನಿಲ್ಲಿಸ್ತಾರಲ್ಲ, ಆವಾಗ ಎಲ್ಲ ತೊಳೆದು ಮೇಲಿಡ್ತೀನಿ," ಎನ್ನುವನು ನೈಜಲ್. "ಈಗ್ಯಾಕೆ ಅವಸರ?"

ಯಾಕೆ ಅವಸರ ಎಂದು ಗಿಲ್ ಹೇಳುವಂತಿರಲಿಲ್ಲ. ಮಾರ್ಚ್ ಹದಿನಾಲ್ಕು ಬಂದು ಹೋಯಿತು, ಸೆವರ್ನ್ ನದಿಯಲ್ಲಿ ಮೀನು ಹಿಡಿಯುವುದು ಜೂನಿನವರೆಗೆ ನಿಂತಿತು. ಗಾಳದ ಕೋಲುಗಳು ಇದ್ದಲ್ಲೇ ಇದ್ದವು.

ತಾಯಂದಿರ ಭಾನುವಾರಕ್ಕೆ ಪೌಲಿನ್ ಊಟಕ್ಕೆ ಬರುವವಳಿದ್ದಳು. ಹಿಂದಿನ ಗುರುವಾರ ಮ್ಯೂರಿಯಲ್‌ರನ್ನು ಚರ್ಚಿನ ವ್ಯಾನು ಹಿರಿಯರ ಊಟಕ್ಕೆ ಕರೆದೊಯ್ದಿತು. ಗಿಲ್ ಅರ್ಧ ದಿನ ರಜೆ ಹಾಕಿದ್ದಳು. ಮುಂದಿನ ಕೋಣೆಯ ನಡುವೆ ನಿಂತು ಗಾಳಿ ಮೂಸಿದಳು. ವಾಸನೆ ಇದೆ ಎಂದರೆ ಇದೆ, ಇಲ್ಲ ಎಂದರೆ ಇಲ್ಲ. ಪೌಲಿನ್‌ಗೆ ಬೇಟೆನಾಯಿಯ ಮೂಗು. ಬಾಡಿಗೆಗೆ ಸಿಗುವ ಕಾರ್ಪೆಟ್ ತೊಳೆಯುವ ಯಂತ್ರ ತರೋಣವೆಂದರೆ ಅದು ಬೀದಿಯಲ್ಲಿ ಬಂದರೆ ಸಾಕು, ನೈಜಲ್‌ಗೆ ಸುದ್ದಿ ಮುಟ್ಟುತ್ತದೆ.

ಕಾಲೇಜಿಲ್ಲದೆ ಮನೆಯಲ್ಲಿದ್ದ, ಈ ಟೀ ವಿಷಯವನ್ನು ಆಗಲೇ ಊಹಿಸಿದ್ದ ಟೆಸ್ಸಾ ಫೋನು ಮುಂದೆ ಹಿಡಿದಳು. ಅದರಲ್ಲಿ ಒಬ್ಬಾಕೆ ಇಡೀ ಕಾರ್ಪೆಟ್ಟಿಗೆ ಸೋಡಾ ಸುರಿದು ಮೇಲೆ ವಿನೆಗರ್ ಹೊಯ್ಯುತ್ತಿದ್ದಳು. ನೊರೆ ಬುಸುಗುಟ್ಟಿ ಏಳುತ್ತಿತ್ತು.

"ಒಂಬತ್ತು ಲಕ್ಷ ಜನ ನೋಡಿದಾರಮ್ಮ. ವಾಸನೆ ಬುಡಸಮೇತ ಹೋಗತ್ತಂತೆ."

"ನಿಮ್ಮಜ್ಜಿ ಹೀಗೆ ಮಾಡಲ್ಲ ಕಣೇ."

"ಅಜ್ಜಿ ಒಂದು ಕಲೆಗೆ ಒಂದು ಗಂಟೆ ತಗೋತಾರೆ. ನಿನಗಿರೋದು ಎರಡು ಗಂಟೆ."

ಆಮೇಲೆ ಆ ಮಾತನ್ನು ನೆನೆದಾಗೆಲ್ಲ ಗಿಲ್‌ಗೆ ಅನಿಸಿದ್ದು, ಮಗಳನ್ನು ದೂರುವಂತಿಲ್ಲ, ಬಕೆಟ್ಟು ಹಿಡಿದ ಕೈ ತನ್ನದೇ ಎಂದು. ಇಡೀ ಡಬ್ಬಿ ಸೋಡಾ, ಇದ್ದ ಎರಡೂ ಬಾಟ್ಲಿ ವಿನೆಗರ್, ಮೇಲೆ ಎರಡು ಬಕೆಟ್ ಬಿಸಿನೀರು. ನೊರೆ ಎದ್ದದ್ದು ನೋಡಿ ಟೆಸ್ಸಾ ಕೈತಟ್ಟಿದಳು. ಗಿಲ್ ಅಂಗಿತೋಳು ಮೇಲಕ್ಕೇರಿಸಿ, ಚಿಕ್ಕಂದಿನಲ್ಲಿ ಅಡುಗೆಮನೆಯ ಕಲ್ಲು ಉಜ್ಜಿದ ಹಾಗೆ ಗೋಡೆಯಿಂದ ಗೋಡೆಗೆ ಉಜ್ಜಿದಳು, ಟವೆಲುಗಳಿಂದ ಹೀರಿದಳು, ಕಿಟಕಿ ತೆರೆದಿಟ್ಟಳು. ಒಂದೂವರೆಗೆ ವ್ಯಾನು ಬಂದಾಗ ಕಾರ್ಪೆಟ್ಟು ಹೊಸದರಂತೆ ಕೆಂಪಗಿತ್ತು. ಮ್ಯೂರಿಯಲ್ ಬಾಗಿಲಲ್ಲಿ ನಿಂತರು. ಕೋಲಿನ ತುದಿಯಿಂದ ನೆಲವನ್ನು ಒತ್ತಿ ನೋಡಿದರು. ತಣ್ಣಗಿದೆ, ಕಿಟಕಿ ಹಾಕು ಎಂದಷ್ಟೇ ಹೇಳಿ ಮಲಗಿದರು.

ಶುಕ್ರವಾರ ಮಧ್ಯಾಹ್ನ ಎರಡಕ್ಕೆ ಪಾಳಿ ಮುಗಿಸಿ ಬಂದ ನೈಜಲ್ ತಾಯಿಗೆ ಟೀ ತೆಗೆದುಕೊಂಡು ಒಳಗೆ ಹೋದ. ಅಲ್ಲಿಂದಲೇ ಗಿಲ್‌ಳನ್ನು ಕರೆದ. ಅವನ ಧ್ವನಿ ಎತ್ತರವಾಗಿರಲಿಲ್ಲ, ಅದಕ್ಕೇ ಅವಳಿಗೆ ಹೆದರಿಕೆಯಾಯಿತು.

ಕೆನೆಬಣ್ಣದ ಎಲೆಗಳೆಲ್ಲ ಕಂದು ಬಣ್ಣಕ್ಕೆ ತಿರುಗಿದ್ದವು. ಮಂಚದ ಸುತ್ತ, ಕಿಟಕಿಯಡಿ, ಬಾಗಿಲ ಬಳಿ, ತಟ್ಟೆಯಗಲದ ಉಂಗುರ ಉಂಗುರ, ಕಡುಟೀ ಚೆಲ್ಲಿ ಒಣಗಿದ ಹಾಗೆ. ಹತ್ತೋ ಹನ್ನೆರಡೋ. ಕೋಣೆಯಲ್ಲಿ ನೆಂದ ಗೋಣಿಚೀಲದ ವಾಸನೆ.

"ಎಷ್ಟು ದಿನದಿಂದ ನಡೀತಿದೆ ಅಮ್ಮ ಇದು?" ಎಂದು ನೈಜಲ್ ಕೇಳಿದ.

ಮ್ಯೂರಿಯಲ್ ಮಂಚದ ಅಂಚಿನಲ್ಲಿ ಕೂತು ನೆಲ ನೋಡುತ್ತಿದ್ದರು. ಆಮೇಲೆ ಕಣ್ಣೆತ್ತಿ ಗಿಲ್‌ಳ ಕೈ ನೋಡಿದರು. ವಿನೆಗರಿಗೆ ಬಿರುಕುಬಿಟ್ಟ ಗೆಣ್ಣುಗಳು. ಎಲ್ಲ ಅರ್ಥವಾದದ್ದು ಅವರ ಮುಖದಲ್ಲಿ ಕಂಡಿತು.

"ನೈಜಲ್, ಅದು ನಾನು," ಎಂದು ಗಿಲ್ ಬಾಯಿ ತೆರೆದಳು.

"ಗಿಲ್, ಒಲೆ ಮೇಲಿನ ಆಲೂಗಡ್ಡೆ ಸೀಯ್ತಿದೆ," ಎಂದರು ಮ್ಯೂರಿಯಲ್.

ಒಲೆಯ ಮೇಲೆ ಏನೂ ಇರಲಿಲ್ಲ. ಗಿಲ್ ಅಡುಗೆಮನೆಗೆ ಹೋಗಿ ಉರಿಯದ ಒಲೆಯ ಮುಂದೆ ನಿಂತಳು. ನೈಜಲ್ ಹಜಾರದಲ್ಲಿ ಪೌಲಿನ್‌ಗೆ ಫೋನ್ ಮಾಡುತ್ತಿದ್ದುದು ಕೇಳುತ್ತಿತ್ತು. ಸ್ವಲ್ಪ ಹೊತ್ತಿಗೆ ಕೋಲಿನ ಸದ್ದು ಹಿಂದೆ ಬಂತು. ಮ್ಯೂರಿಯಲ್ ಮೆಲ್ಲಗೆ ಹೇಳಿದರು, ನೀನು ಬಕೆಟ್ಟು ಹೊಯ್ದೆ ಅಂದರೆ ಅವನು ಯಾಕೆ ಹೊಯ್ದೆ ಅಂತ ಕೇಳುತ್ತಾನೆ. ಈಗ ಅವನಿಗೆ ಇರುವುದು ಅನುಮಾನ. ಅನುಮಾನ ಅನುಮಾನವಾಗಿಯೇ ಇರಲಿ. ಗಿಲ್ ತಲೆಯಾಡಿಸಿದಳು. ಸುಮ್ಮನಿರಬಹುದು ಎಂದಾಗ ತನಗೆ ಹಗುರಾಯಿತಲ್ಲ ಎಂದು ಆಮೇಲೆ ನಾಚಿಕೆಯಾಯಿತು.

ಭಾನುವಾರ ಪೌಲಿನ್ ಹಳದಿ ಹೂವಿನ ಗೊಂಚಲು, ಬಾದಾಮಿ ಹೊದಿಕೆಯ ಕೇಕು ತಂದಳು. ಕೋಟು ಬಿಚ್ಚುವ ಮೊದಲೇ ತಮ್ಮನ ಜೊತೆ ಮುಂದಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಹೊರಬಂದವಳು ತಾಯಿಯ ಕೆನ್ನೆಗೆ ಎರಡೆರಡು ಸಲ ಮುತ್ತಿಟ್ಟಳು.

ಗಿಲ್ ಕುರಿಮಾಂಸ ಬೇಯಿಸಿದ್ದಳು. ಪುದೀನಾ ಚಟ್ನಿಗೆ ವಿನೆಗರ್ ಇರಲಿಲ್ಲ, ಬಕೆಟ್ಟಿಗೆ ಹೋಗಿತ್ತು. ಮತ್ತೆ ತರುವುದು ಈ ಗಲಾಟೆಯಲ್ಲಿ ಮರೆತಿತ್ತು. ನಿಂಬೆರಸ ಹಾಕಿದ್ದಳು. ಇದೇನು ಚಟ್ನಿ ಹೀಗಿದೆ ಎಂದು ಯಾರೂ ಕೇಳಲಿಲ್ಲ.

"ಇದರಲ್ಲಿ ಯಾರ ತಪ್ಪೂ ಇಲ್ಲ," ಎಂದು ಪೌಲಿನ್ ಶುರುಮಾಡಿದಳು, ತಾಯಿಯನ್ನು ಬಿಟ್ಟು ಉಳಿದವರನ್ನು ನೋಡುತ್ತ. ವಯಸ್ಸಾದ ಮೇಲೆ ಆಗುವಂಥದ್ದೇ, ಪಾಪ, ಅವಳ ಕೈಯಲ್ಲೂ ಇಲ್ಲ. ಅಲ್ಲಿಯ ಹುಡುಗಿಯರಿಗೆ ಇದೆಲ್ಲ ದಿನದ ಕೆಲಸ. ಮಂಗಳವಾರ ತಾನೇ ಹೋಗಿ ರುಜು ಹಾಕಿ ಬರುತ್ತೇನೆ. ನೈಜಲ್ ಬಟಾಣಿಗಳನ್ನು ತಟ್ಟೆಯ ಒಂದು ಕಡೆಯಿಂದ ಇನ್ನೊಂದು ಕಡೆಗೆ ತಳ್ಳುತ್ತಿದ್ದ. ಮ್ಯೂರಿಯಲ್ ಮಾಂಸವನ್ನು ಸಣ್ಣಗೆ ಕತ್ತರಿಸಿದರು, ತಿನ್ನಲಿಲ್ಲ. ಅವರು ಏನೂ ಹೇಳುವುದಿಲ್ಲವೆಂದು ಗಿಲ್‌ಗೆ ಅನಿಸಿತು. ತಾನು ಹೇಳಬೇಕು, ಈಗಲೇ, ಎಂದುಕೊಂಡಳು. ಚಟ್ನಿಯ ಬಟ್ಟಲನ್ನು ಪೌಲಿನ್ ಕಡೆಗೆ ಸರಿಸಿದಳು.

"ನಿಜವಾಗ್ಲೂ ಅಯ್ಯೋ ಅನಿಸಿದ್ದು ಏನು ಗೊತ್ತಾ," ಎಂದಳು ಪೌಲಿನ್. "ಪಾಪ, ಮುಚ್ಚಿಡೋಕೆ ಅಂತ ನೀರು ಸುರಿದು ಸುರಿದು ಅಪ್ಪನ ಕಾರ್ಪೆಟ್ಟನ್ನೇ ಹಾಳು ಮಾಡ್ಕೊಂಡಿದಾಳೆ. ಬುದ್ಧಿ ನೆಟ್ಟಗಿದ್ದಿದ್ರೆ ಅಮ್ಮ ಹಾಗೆ ಮಾಡ್ತಿದ್ಲಾ?"

ಮ್ಯೂರಿಯಲ್ ಚಾಕು ಕೆಳಗಿಟ್ಟರು.

"ನಾನು ಬೆನ್ನು ನೆನೆಸಿಲ್ಲ."

"ಹೋಗ್ಲಿ ಬಿಡಮ್ಮ."

"ಬಿಡೋದೇನು. ನಲವತ್ತೊಂದು ವರ್ಷ ಆ ಕೆಲಸ ಮಾಡಿದೀನಿ. ಒಂದು ಗಜ ಕಾರ್ಪೆಟ್ಟಿನ ಬೆನ್ನು ನನ್ನ ಕೈಯಲ್ಲಿ ಒದ್ದೆ ಆಗಿಲ್ಲ." ಅವರು ತಟ್ಟೆಯನ್ನು ಮುಂದಕ್ಕೆ ತಳ್ಳಿದರು. "ಉಚ್ಚೆ ಹೊಯ್ದಿದೀನಿ. ಹೌದು. ಜನವರಿಯಿಂದ ಆರು ಸಲ. ಮೆಟ್ಟಿಲ ಹತ್ರ ಹೋಗೋದ್ರೊಳಗೆ ಆಗೋಯ್ತು. ಆರು ಸಲಾನೂ ಎತ್ತಿದೀನಿ, ಒಂದು ಗುರುತು ಉಳಿಸಿಲ್ಲ. ನೀವಿಬ್ರೂ ಆ ಕೋಣೇಲಿ ಕೂತು ಟೀ ಕುಡಿದಿದೀರಿ, ನಿಮಗೆ ಗೊತ್ತಾಗಿಲ್ಲ. ಹೊಯ್ದೋಳು ಅಂತ ಬೇಕಾದ್ರೆ ಕಳ್ಸು. ಕಾರ್ಪೆಟ್ ಕೆಡಿಸಿದೋಳು ಅಂತ ಕಳಿಸ್ಬೇಡ."

ಟೆಸ್ಸಾ ಅಮ್ಮನ ಮುಖ ನೋಡಿದಳು.

"ಕೆಡಿಸಿದ್ದು ನಾನು," ಎಂದಳು ಗಿಲ್. "ಗುರುವಾರ, ಎರಡು ಬಕೆಟ್. ನೀವು ಬರೋದ್ರೊಳಗೆ ವಾಸನೆ ಹೋಗ್ಲಿ ಅಂತ. ಶುಕ್ರವಾರವೇ ಹೇಳ್ಬೇಕಿತ್ತು, ಹೇಳ್ಲಿಲ್ಲ."

"ಆ ವಿಡಿಯೊ ತೋರ್ಸಿದ್ದು ನಾನು," ಎಂದಳು ಟೆಸ್ಸಾ.

"ಸೋಡಾ ವಿನೆಗರ್ ಎರಡೂ ಒಟ್ಟಿಗೆ ಹೊಯ್ದ್ರಾ?" ಮ್ಯೂರಿಯಲ್ ಮೊಮ್ಮಗಳ ಕಡೆ ತಿರುಗಿದರು. "ಅದು ಇದನ್ನ ತಿನ್ನತ್ತೆ, ಇದು ಅದನ್ನ ತಿನ್ನತ್ತೆ, ಉಳಿಯೋದು ಉಪ್ಪುನೀರು. ನೊರೆ ನೋಡಿ ಮರುಳಾಗೋಕೆ ಇದೇನು ಬಿಯರ್ರಾ?"

ನೈಜಲ್ ಹೆಂಡತಿಯನ್ನು ನೋಡಿದ. ನಿನಗೆ ಗೊತ್ತಿತ್ತಾ ಎಂದು ಕೇಳಿದ. ಗೊತ್ತಿತ್ತು ಎಂದಳು. ನನಗೇಕೆ ಯಾರೂ ಹೇಳಲಿಲ್ಲ ಎಂದು ಅವನು ತಾಯಿಯ ಕಡೆ ತಿರುಗಿದಾಗ ಅವನ ಕಿವಿಗಳು ಕೆಂಪಾಗಿದ್ದವು.

"ನೀನೇ ಹೇಳಿದ್ಯಲ್ಲಪ್ಪ. ನನ್ನ ಹಿಂದೆ ನೀನು ಮಂಡಿಯೂರಿ ನೆಲ ಒರೆಸೋ ದಿನ ಬಂದ್ರೆ ಅಂತ."

"ಯಾವಾಗ ಹೇಳಿದೆ?"

"ಕ್ರಿಸ್‌ಮಸ್ಸಿಗೆ."

ಅವನಿಗೆ ನೆನಪಿರಲಿಲ್ಲ. ನೆನಪು ಮಾಡಿಕೊಳ್ಳಲು ಅವನು ಹೆಣಗುತ್ತಿದ್ದುದು ಕಾಣುತ್ತಿತ್ತು. ಮೂರು ತಿಂಗಳು ಒಬ್ಬ ಮುದುಕಿಯನ್ನು ಬೆಳಗಿನ ಜಾವ ನೆಲಕ್ಕೆ ಕೂರಿಸಿದ ಮಾತು, ಆಡಿದವನ ತಲೆಯಲ್ಲೇ ಉಳಿದಿರಲಿಲ್ಲ. ಅವನು ಎದ್ದ. ತಟ್ಟೆಯನ್ನು ತೊಟ್ಟಿಯಲ್ಲಿಟ್ಟು ಹಿಂಬಾಗಿಲು ತೆರೆದು ಅಂಗಳಕ್ಕೆ ಹೋದ. ಸಿಗರೇಟಿಗೆ ಹೋದನೆಂದು ಗಿಲ್ ತಿಳಿದಳು, ಬಿಟ್ಟು ಎಂಟು ವರ್ಷವಾಗಿದ್ದರೂ. ಆಮೇಲೆ ಕಲ್ಲಿನ ಮೇಲೆ ಏನೋ ಧಡಾರನೆ ಬಿದ್ದ ಸದ್ದಾಯಿತು, ಮತ್ತೊಂದು, ಮತ್ತೊಂದು. ಟೆಸ್ಸಾ ಕಿಟಕಿಗೆ ಹೋಗಿ ನೋಡಿದಳು.

"ಅಪ್ಪ ಗಾಳದ ಕೋಲೆಲ್ಲ ಹೊರಗೆ ಎಸೀತಿದಾನೆ."

"ಮಳೆ ಬರೋ ಹಾಗಿದೆ," ಎಂದರು ಮ್ಯೂರಿಯಲ್. "ಒಳ್ಳೇ ಕೋಲು. ಮೇಲೆ ಏನಾದ್ರೂ ಹೊದಿಸು ಅನ್ನು."

ಪೌಲಿನ್ ಕೇಕು ಕತ್ತರಿಸುವ ಚಾಕು ಹಿಡಿದೇ ಕೂತಿದ್ದಳು. ಮಂಗಳವಾರ ಉತ್ತರ ಹೇಳದಿದ್ದರೆ ಕೋಣೆ ಬೇರೆಯವರಿಗೆ ಹೋಗುತ್ತದೆ, ಇನ್ನೊಂದು ಯಾವಾಗ ಸಿಗುತ್ತದೋ ಎಂದಳು. ಅಂಗಳದ ಕಕ್ಕಸಿಗೆ ಹೀಟರ್ ಇಲ್ಲ, ಮುಂದಿನ ಚಳಿಗಾಲಕ್ಕೆ ಏನು ಮಾಡುತ್ತೀರಿ ಎಂದಳು. ಅವಳು ಹೇಳಿದ್ದರಲ್ಲಿ ಒಂದೂ ಸುಳ್ಳಿರಲಿಲ್ಲ, ಗಿಲ್‌ಗೆ ಅದು ಗೊತ್ತಿತ್ತು. ಅಡುಗೆಮನೆಯ ಚಿಕ್ಕ ಹೀಟರ್ ಅಲ್ಲಿಗೆ ಎಳೆಯಬಹುದು, ಗೋಡೆಗೆ ಹಿಡಿಕೆ ಹಾಕಿಸಬಹುದು ಎಂದಳು ಗಿಲ್. ಪೌಲಿನ್ ಕೊನೆಗೆ ಕೇಕನ್ನು ಐದು ತುಂಡು ಮಾಡಿ ದೊಡ್ಡದನ್ನು ತಾಯಿಯ ಮುಂದೆ ಇಟ್ಟಳು. "ನನಗೂ ಯಾರೂ ಏನೂ ಹೇಳಲ್ಲ," ಎಂದಳು, ಯಾರಿಗೆಂದಿಲ್ಲದೆ.

ಅವಳು ಹೋದ ಮೇಲೆ ಟೆಸ್ಸಾ ಮೂಲೆ ಅಂಗಡಿಗೆ ಓಡಿ ವಿನೆಗರ್ ತಂದಳು. ಸೆಣಬಿನ ಕಂದು ಮೇಲೆ ಬಂದರೆ ಅದನ್ನು ಹಿಡಿದೆಳೆಯುವುದು ಅದೇ ವಿನೆಗರೇ ಎಂದರು ಮ್ಯೂರಿಯಲ್. ಆದರೆ ಸೋಡಾ ಬೇಡ, ಬಕೆಟ್ಟು ಕಣ್ಣಿಗೆ ಬೀಳಬಾರದು. ಅವರನ್ನು ಮಂಚದ ಪಕ್ಕದ ಕುರ್ಚಿಯಲ್ಲಿ ಕೂರಿಸಿದರು. ಗಿಲ್ ಬಿಳಿ ಟವೆಲು ಹಿಡಿದು ಬಗ್ಗುವಷ್ಟರಲ್ಲಿ ನೈಜಲ್ ಅದನ್ನು ಅವಳ ಕೈಯಿಂದ ತೆಗೆದುಕೊಂಡ. ಅವನ ಮೈಯಿಂದ ಹಳೆಯ ಮೀನಿನ ವಾಸನೆ ಬರುತ್ತಿತ್ತು, ಕೂದಲಲ್ಲಿ ಜೇಡರಬಲೆ. ಮೊದಲು ಒಂದು ಮಂಡಿ ಊರಿದ, ಸೊಂಟ ಹಿಡಿದುಕೊಂಡು ಇನ್ನೊಂದನ್ನೂ ಊರಿದ. ಚಿಮುಕಿಸಿದ. ಉಜ್ಜಲು ಹೋದ.

"ಒತ್ತು," ಎಂದರು ಅವನ ತಾಯಿ ಕೋಲಿನಿಂದ ಅವನ ಮೊಣಕೈ ತಟ್ಟಿ. "ಉಜ್ಜಬೇಡ. ನಿಮ್ಮಪ್ಪನಿಗೂ ಇದೇ ಚಾಳಿ ಇತ್ತು."

ಅವನು ಒತ್ತಿದ. ಟವೆಲನ್ನು ಎತ್ತಿ ನೋಡಿದರೆ ಬಿಳಿಯ ಮೇಲೆ ಕಂದು ಚಂದ್ರ ಮೂಡಿತ್ತು. ಮಡಿಕೆ ಬದಲಿಸಿ ಮತ್ತೆ ಒತ್ತಿದ. ಕತ್ತಲಾಗುವವರೆಗೆ ಹಾಗೇ ನಡೆಯಿತು. ಒಣ ಟವೆಲು ಹಾಸಿ, ಮೇಲೆ ಗಿಲ್‌ಳ ಅಡುಗೆ ಪುಸ್ತಕಗಳನ್ನೂ ಟೆಸ್ಸಾಳ ನಿಘಂಟನ್ನೂ ಹೇರಿದರು. ಒಂದೊಂದಾಗಿ ಎಲೆಗಳು ಕೆನೆಬಣ್ಣಕ್ಕೆ ಬಂದವು. ಕಿಟಕಿಯಡಿಯ ಒಂದು ಉಂಗುರ ಮಾತ್ರ ಹೋಗಲಿಲ್ಲ. ಅಲ್ಲಿ ನೀರು ಹೆಚ್ಚು ನಿಂತಿದ್ದು, ಹಿಗ್ಗಿ ಕುಗ್ಗಿದ ಸೆಣಬಿನಿಂದ ಒಂದು ಜೋಡಣೆಯೂ ತುಸು ಎದ್ದುಕೊಂಡಿತ್ತು. ಇಪ್ಪತ್ತಾರು ವರ್ಷಕ್ಕೆ ಮೊದಲ ಸಲ ಗಿಲ್‌ಗೆ ಅದು ಕಂಡಿತು. ಅವಳು ಅದನ್ನು ಹೆಬ್ಬೆರಳಿನಿಂದ ಒತ್ತಿ ಕೂರಿಸಲು ನೋಡಿದಳು, ಕೂರಲಿಲ್ಲ. ಮ್ಯೂರಿಯಲ್ ಬಹಳ ಹೊತ್ತು ಆ ಕಡೆ ನೋಡಿ, ಬೆಳಕಿದ್ದಾಗ ನನ್ನ ಬಾಗಿದ ಸೂಜಿ ಹುಡುಕಿ ಕೊಡು, ಎಂದರು.

ಬ್ಯೂಡ್ಲಿಯ ಕೋಣೆ ಬುಧವಾರ ಬೇರೆ ಯಾರಿಗೋ ಹೋಯಿತು. ನೈಜಲ್ ಆ ವಾರ ಸಂಜೆ ಪಾಳಿಯಲ್ಲಿದ್ದ. ಅಂಗಳದ ಗೋಡೆಗೆ ಹಿಡಿಕೆ ಹೊಡೆದ, ದೀಪ ಹಾಕಿದ, ನಾಲ್ಕು ಹೆಜ್ಜೆಯ ದಾರಿಗೆ ಗಿರಣಿ ತುಂಡೊಂದನ್ನು ಹಾಸಲು ಹೋಗಿ ಮ್ಯೂರಿಯಲ್‌ರಿಂದ ಬೈಸಿಕೊಂಡ. ಮಳೆಯಲ್ಲಿ ಕಾರ್ಪೆಟ್ಟೇ?

ಗುರುವಾರ ಬೆಳಿಗ್ಗೆ ಐದೂವರೆಗೆ ಗಿಲ್‌ಗೆ ಎಚ್ಚರವಾಯಿತು. ಕೆಳಗೆ ಮಂಚ ಕಿರುಗುಟ್ಟಿತು. ಕೋಲು ಹಜಾರ ದಾಟಿತು, ಅಡುಗೆಮನೆ ದಾಟಿತು. ಹಿಂಬಾಗಿಲ ಚಿಲಕ ಸರಿಯಿತು. ಆಮೇಲೆ ಬಹಳ ಹೊತ್ತು ಏನೂ ಇಲ್ಲ. ಕಲ್ಲು ಒದ್ದೆಯಾಗಿರಬಹುದೇ, ಚಪ್ಪಲಿ ಹಾಕಿಕೊಂಡರೋ ಇಲ್ಲವೋ ಎಂದು ಅವಳು ಹೊದಿಕೆ ಸರಿಸಿ ಒಂದು ಕಾಲು ನೆಲಕ್ಕಿಟ್ಟಳು. ಅಷ್ಟರಲ್ಲಿ ಸರಪಳಿ ಎಳೆದ ಸದ್ದು, ಹಳೆಯ ಕೊಳಾಯಿಗಳು ಇಡೀ ಮನೆಗೆ ಕೇಳುವಂತೆ ನರಳಿದವು.

ಕತ್ತಲಲ್ಲಿ ಪಕ್ಕದಿಂದ ನೈಜಲ್‌ನ ಮಾತು ಬಂತು. ಅವನು ನಿದ್ದೆಯಲ್ಲಿದ್ದಾನೆಂದು ಅವಳು ತಿಳಿದಿದ್ದಳು.

"ಒಳಗೆ ಬಂದ್ಲಾ?"

"ಇನ್ನೂ ಇಲ್ಲ."

ಇಬ್ಬರೂ ಅಲುಗದೆ ಕಿವಿಗೊಟ್ಟರು. ಕೋಲು ಒಂದು, ಎರಡು, ಮೂರು, ನಾಲ್ಕು. ಚಿಲಕ ಬಿತ್ತು.